ಸೋರದ ಬಿರಡೆ

ನಾನು ಕತ್ತರಿಸಿದ ಬಿರಡೆ ಸೋರುವುದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಜಂಬಪಡಲು ಬೇರೇನೂ ಇಲ್ಲದಿದ್ದುದರಿಂದ ಇದೊಂದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ, ಅಷ್ಟೆ.

ಓದಿದ್ದು ರಸಾಯನಶಾಸ್ತ್ರ. ಪಾಸಾದದ್ದು ಮೊದಲ ದರ್ಜೆಯಲ್ಲಿ. ಸಿಕ್ಕಿದ ಕೆಲಸ ದೊಡ್ಡವರ ಮಕ್ಕಳು ಓದುವ ಶಾಲೆಯ ಪ್ರಯೋಗಾಲಯದಲ್ಲಿ ಗಾಜು ತೊಳೆಯುವುದು. ಮಕ್ಕಳು ಆಮ್ಲ ಸುರಿದು ಹೋಗುತ್ತಾರೆ, ನಾನು ಒರೆಸುತ್ತೇನೆ. ಮಕ್ಕಳು ಬೀಕರು ಒಡೆದು ಹೋಗುತ್ತಾರೆ, ನಾನು ಚೂರು ಆರಿಸುತ್ತೇನೆ. ಬೆರಳ ತುದಿಗಳು ಹಳದಿಗಟ್ಟಿವೆ. ಉಗುರಿನ ಸುತ್ತ ಚರ್ಮ ಸುಲಿಯುತ್ತಲೇ ಇರುತ್ತದೆ. ನಾನು ಕೋಣೆಗೆ ಬಂದರೆ ಮೊದಲು ವಾಸನೆ ಬರುತ್ತದೆ, ಆಮೇಲೆ ನಾನು ಬರುತ್ತೇನೆ ಎಂದು ನನ್ನ ಗಂಡ ಹೇಳುತ್ತಾನೆ. ಶಾಲೆಯಲ್ಲಿ ನನ್ನನ್ನು ಲ್ಯಾಬಮ್ಮ ಎನ್ನುತ್ತಾರೆ. ಹೆಸರು ಸಂಬಳದ ದಿನ ಮಾತ್ರ ಬೇಕಾಗುತ್ತದೆ.

ನನ್ನ ಗಂಡ ಅದೇ ಶಾಲೆಗೆ ಗುತ್ತಿಗೆ ಬಸ್ಸು ಓಡಿಸುತ್ತಾನೆ. ಮಗಳಿಗೆ ಅಲ್ಲೇ ಸೀಟು. ಸಿಬ್ಬಂದಿಯ ಮಕ್ಕಳಿಗೆ ಒಂದಿಷ್ಟು ಸೀಟು ಬಿಡುತ್ತಾರೆ. ಬಿಟ್ಟದ್ದನ್ನು ವರ್ಷವಿಡೀ ನೆನಪಿಸುತ್ತಾರೆ. ಆ ಮಕ್ಕಳೂ ನಾವೂ ಹಿಂದಿನ ಗೇಟಿನಿಂದ ಬರಬೇಕು. ಅದು ಹತ್ತಿರವಂತೆ. ಯಾರಿಗೆ ಹತ್ತಿರ ಎಂದು ನಾನು ಕೇಳಿರಲಿಲ್ಲ. ಕೇಳದೆ ಇರುವುದರಲ್ಲೂ ನನಗೆ ಮೊದಲ ದರ್ಜೆಯೇ.

ಒಂದು ದಿನ ಬ್ಯಾಂಡ್ ಮಾಸ್ತರು ಪ್ರಯೋಗಾಲಯಕ್ಕೆ ಬಂದರು. ಕೈಯಲ್ಲಿ ಹಿತ್ತಾಳೆಯ ಕೊಳವೆಯ ತುಂಡು.

"ಲ್ಯಾಬಮ್ಮ, ಇದರೊಳಗೆ ಕೂರೋ ಹಾಗೆ ರಬ್ಬರ್ ಬಿರಡೆ ಬೇಕು. ನಡುವೆ ಸಣ್ಣ ತೂತು. ಸೂಜಿ ಹೋಗೋಷ್ಟು."

"ಯಾಕೆ ಸಾರ್?"

"ಕಹಳೆಗಳನ್ನ ಇಟ್ಟಾಗ ಒಳಗೆ ದೂಳು ಹೋಗಬಾರದು. ಹಾಗಂತ ಗಾಳಿ ಪೂರ್ತಿ ನಿಂತರೂ ಆಗಲ್ಲ. ಲೋಹ ಹಾಳಾಗುತ್ತೆ."

ಇಷ್ಟಕ್ಕೆ ನಾನು ತಲೆಯಾಡಿಸಿ ಸುಮ್ಮನಿರಬಹುದಿತ್ತು. ಇರಲಿಲ್ಲ. ಯಾರೂ ನನ್ನ ಬಳಿ ವಿಜ್ಞಾನ ಕೇಳುವುದಿಲ್ಲವಲ್ಲ. ಹಿತ್ತಾಳೆ, ತೇವ, ಹಸಿರು ಕಿಲುಬು ಎಂದೆಲ್ಲ ಪಾಠ ಮಾಡಿದೆ. ಅವರು ಹೇಳಿದ ಸುಳ್ಳಿಗೆ ನಾನೇ ಸೂತ್ರ ಬರೆದುಕೊಟ್ಟೆ. ಮುಗಿಸುವಾಗ ನನ್ನದೇ ಒಂದು ಸುಧಾರಣೆಯನ್ನೂ ಸೇರಿಸಿದೆ.

"ಸಾರ್, ಸ್ವಲ್ಪ ಓರೆಯಾಗಿ ಕತ್ತರಿಸಿದರೆ ಒಳಗಿನ ಕೊಳವೆಯಲ್ಲಿ ಕೂತುಬಿಡುತ್ತೆ. ಹೊರಗಿಂದ ಕಾಣೋದೇ ಇಲ್ಲ. ಹಾಗೆ ಮಾಡ್ಲಾ?"

ಮಾಸ್ತರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. "ಅದೇ ಬೇಕಾಗಿದ್ದು ತಾಯಿ," ಎಂದರು.

ತಾಯಿ ಎಂದದ್ದಕ್ಕೆ ಉಬ್ಬಿಹೋದೆ. ಕೆಂಪು ರಬ್ಬರಿನ ದಪ್ಪ ಬಿರಡೆಗಳನ್ನು ತೆಗೆದುಕೊಂಡೆ. ಬೋರರ್ ಎಂಬ ಹರಿತವಾದ ಹಿತ್ತಾಳೆ ಕೊಳವೆಗೆ ಸಾಬೂನು ನೀರು ಸವರಿದೆ. ಅಂಗೈ ಒತ್ತಿ ತಿರುಗಿಸಿದೆ. ಒತ್ತಡ ಹೆಚ್ಚಾದರೆ ತೂತು ವಾರೆಯಾಗುತ್ತದೆ, ಕಡಿಮೆಯಾದರೆ ರಬ್ಬರು ಹರಿಯುತ್ತದೆ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಒಂದೊಂದನ್ನೂ ನೀರಿಗಿಟ್ಟು ಪರೀಕ್ಷಿಸಿದೆ. ನಡುವಿನ ತೂತು ಬಿಟ್ಟರೆ ಅಂಚಿನಲ್ಲಿ ಒಂದೂ ಸೋರಲಿಲ್ಲ. ಸಂಜೆ ಬಸ್ಸಿನಲ್ಲಿ ಗಂಡನಿಗೆ ಬೊಬ್ಬೆ ತೋರಿಸಿದೆ.

"ಪದಕ ಕೊಡ್ತಾರಾ?" ಎಂದ.

"ಕೊಡದಿದ್ರೂ ಪರವಾಗಿಲ್ಲ."

"ಹಾಗಾದ್ರೆ ಕೊಡಲ್ಲ," ಎಂದು ಗೇರು ಬದಲಿಸಿದ.

ಆ ವರ್ಷವೇ ಶಾಲೆಯ ಬ್ಯಾಂಡಿಗೆ ಮಕ್ಕಳು ಸಾಲದೆ ಹೋದರು. ಸ್ಪರ್ಧೆಗೆ ಹೋಗಲು ಇಷ್ಟು ಸಾಲು ಇರಲೇಬೇಕು ಎಂಬ ನಿಯಮವಂತೆ. ಹಿಂದಿನ ಸಾಲಿಗೆ ಸಿಬ್ಬಂದಿಯ ಮಕ್ಕಳನ್ನು ಸೇರಿಸಿಕೊಂಡರು. ತೋಟದವನ ಮಗ, ಅಡುಗೆಯವಳ ಮಗಳು, ಗೇಟಿನ ಕಾವಲುಗಾರನ ಅವಳಿ ಹುಡುಗರು, ನನ್ನ ಮಗಳು. ಎಲ್ಲರಿಗೂ ಚಿನ್ನದ ಬಣ್ಣದ ದಾರ ಹೊಲಿದ ಕೋಟು ಸಿಕ್ಕಿತು. ಎಲ್ಲರ ಫೋಟೋ ತೆಗೆದು ಮುಖ್ಯ ಬಾಗಿಲಿನ ಎದುರಿಗೆ ತೂಗುಹಾಕಿದರು. ಅದನ್ನು ನೋಡಬೇಕೆಂದರೆ ಮುಂದಿನ ಗೇಟಿನಿಂದ ಬರಬೇಕು. ನನ್ನ ಮಗಳ ಮೊದಲ ಫೋಟೋವನ್ನು ನಾನು ನೋಡಿದ್ದು ಅಲ್ಲಿ ಗಾಜು ಒರೆಸಲು ಕಳಿಸಿದಾಗ.

ಮಕ್ಕಳ ಜೊತೆ ಮನೆಯವರೂ ಗೆಲ್ಲಬೇಕು ಎಂದು ಶಾಲೆಯಲ್ಲೊಂದು ಸಮಿತಿ ಇತ್ತು. ಬ್ಯಾಂಡ್ ಕುಟುಂಬಗಳ ಯಶಸ್ಸಿನ ಸಮಿತಿ. ಅದರ ಅಧ್ಯಕ್ಷೆ ಮುಂದಿನ ಸಾಲಿನ ಹುಡುಗನೊಬ್ಬನ ತಾಯಿ. ಒಳ್ಳೆಯ ಹೆಂಗಸು. ಅದೇ ತೊಂದರೆ. ಕೆಟ್ಟವಳಾಗಿದ್ದರೆ ಬೈದು ಮುಗಿಸಬಹುದಿತ್ತು.

ಮೊದಲ ಸಭೆಯಲ್ಲಿ ಆಕೆ ಹೇಳಿದ್ದನ್ನೆಲ್ಲ ಬರೆದುಕೊಂಡೆ. ಮಗುವಿಗೆ ಅಭ್ಯಾಸಕ್ಕೆ ಪ್ರತ್ಯೇಕ ಕೋಣೆ ಕೊಡಿ. ಗೋಡೆಗೆ ದಪ್ಪ ಪರದೆ ಹಾಕಿ. ಆಳೆತ್ತರದ ಕನ್ನಡಿ ಇಡಿ. ತಾಯಿ ಪಕ್ಕದಲ್ಲಿ ಕೂತು ಶಾಂತವಾಗಿ ಕೇಳಲಿ.

"ಪ್ರತ್ಯೇಕ ಕೋಣೆ ಇಲ್ಲದಿದ್ದರೆ?" ಎಂದು ಕೇಳಿದೆ.

"ಒಂದು ಮೂಲೆ ಸಾಕು ಲ್ಯಾಬಮ್ಮ. ಮನಸ್ಸಿದ್ದರೆ ಮಾರ್ಗ."

ಮನೆಗೆ ಬಂದು ಮೂಲೆ ಹುಡುಕಿದೆ. ಒಂದರಲ್ಲಿ ಒಲೆ, ಇನ್ನೊಂದರಲ್ಲಿ ನೀರಿನ ಡ್ರಮ್ಮು, ಮತ್ತೊಂದರಲ್ಲಿ ಅತ್ತೆ. ಉಳಿದದ್ದು ಬಾಗಿಲು.

"ನನ್ನನ್ನ ಎತ್ತಿಡೋದಾದ್ರೆ ಈಗಲೇ ಹೇಳಿಬಿಡಮ್ಮ," ಎಂದರು ಅತ್ತೆ. "ಬಟ್ಟೆ ಕಟ್ಕೋಬೇಕು."

ದಾರಿ ತೋರಿಸಿದವನು ಗಂಡ. ಸಂಜೆ ಟ್ರಿಪ್ಪು ಮುಗಿದ ಮೇಲೆ ಬಸ್ಸು ನಮ್ಮ ಬೀದಿಯ ಕೊನೆಯ ಬಯಲಲ್ಲಿ ನಿಲ್ಲುತ್ತದೆ. "ಆರು ಚಕ್ರದ ಕೋಣೆ. ಕನ್ನಡಿ ಮೂರಿದೆ. ಪರದೆ ಇಲ್ಲ, ಗಾಜು ಏರಿಸ್ಕೊಳ್ಳಿ," ಎಂದ. ಅಂದಿನಿಂದ ಮಗಳ ಅಭ್ಯಾಸ ಬಸ್ಸಿನ ಹಿಂದಿನ ಸೀಟಿನಲ್ಲಿ. ಆದರೆ ಕಹಳೆ ಇರಲಿಲ್ಲ. ಮುಂದಿನ ಸಾಲಿನವರಿಗೆ ವಾದ್ಯ ಮನೆಗೆ ಕೊಡುತ್ತಾರೆ. ಹಿಂದಿನ ಸಾಲಿನವರಿಗೆ ಬಾಯಿಗೆ ಇಟ್ಟುಕೊಳ್ಳುವ ಲೋಹದ ಬಟ್ಟಲೊಂದನ್ನು ಮಾತ್ರ. ಅವರ ಮನೆಗಳಲ್ಲಿ ವಾದ್ಯಕ್ಕೆ ಭದ್ರತೆ ಇಲ್ಲವಂತೆ. ಮಗಳು ಬಟ್ಟಲನ್ನು ತುಟಿಗಿಟ್ಟು ಊದುತ್ತಿದ್ದಳು. ಬಾತುಕೋಳಿಗೆ ಶೀತವಾದಂತೆ ಸದ್ದು. ಬೀದಿಯವರು ಬಸ್ಸಿನ ಹಾರನ್ನು ಕೆಟ್ಟಿದೆ ಎಂದು ಗಂಡನಿಗೆ ಹೇಳಿದರು. ಆದರೂ ಸದ್ದು ಗಟ್ಟಿಯಾಗಿತ್ತು, ನೇರವಾಗಿತ್ತು. ಊದುವಾಗ ಅವಳ ಕಣ್ಣು ಹೊಳೆಯುತ್ತಿತ್ತು.

ಶಾಲೆಯಲ್ಲಿ ಕಹಳೆ ಕೈಗೆ ಬಂದ ಮೇಲೆ ಆ ಹೊಳಪು ಹೋಯಿತು.

"ಅಮ್ಮಾ, ಹುಸ್ ಅಂತ ಗಾಳಿ ಮಾತ್ರ ಹೋಗುತ್ತೆ. ದನಿ ಬರಲ್ಲ."

"ಮಾಸ್ತರು ಏನಂದ್ರು?"

"ನಿನ್ನಲ್ಲಿ ಉಸಿರಿಲ್ಲ, ಕೆನ್ನೆ ಉಬ್ಬಿಸ್ಕೊಂಡು ನಡಿ ಅಂದ್ರು."

"ಬೇರೆಯವರದು?"

"ಹಿಂದಿನ ಸಾಲಲ್ಲಿ ಯಾರ್ದೂ ಬರಲ್ಲ. ನಾವೆಲ್ಲ ಉಸಿರಿಲ್ಲದವರಂತೆ."

ಇಲ್ಲಿ ವಿಜ್ಞಾನ ಓದಿದವಳಿಗೆ ಗಂಟೆ ಹೊಡೆಯಬೇಕಿತ್ತು. ಒಬ್ಬರಿಗೆ ಉಸಿರಿಲ್ಲದಿರಬಹುದು. ಕೆಲಸದವರ ಮಕ್ಕಳಿಗೆಲ್ಲ ಒಟ್ಟಿಗೆ ಉಸಿರಿಲ್ಲದಿರುವುದು ಯಾವ ರೋಗ? ಆದರೆ ಅಧ್ಯಕ್ಷೆ ಆಗಲೇ ಕಾರಣ ಕಂಡುಹಿಡಿದಿದ್ದರು. ಪೌಷ್ಟಿಕಾಂಶದ ಕೊರತೆ. ನಮಗೆಲ್ಲ ಒಂದೊಂದು ಚೀಟಿ ಕೊಟ್ಟರು. ಹಣ್ಣು, ಹಾಲು, ಮೊಟ್ಟೆ, ಬೇಗ ಮಲಗುವುದು. ನಾನು ನಂಬಿದೆ. ನಾಚಿಕೆಯಾಯಿತು. ನನ್ನ ಮಗಳಿಗೆ ನಾನು ಉಸಿರನ್ನೂ ಸರಿಯಾಗಿ ಕೊಟ್ಟಿಲ್ಲ ಎನ್ನಿಸಿತು.

ಮರುದಿನದಿಂದ ಪ್ರಯೋಗ ಶುರು. ಪ್ರಯೋಗಾಲಯದ ದೊಡ್ಡ ಗಾಜಿನ ಜಾಡಿಯನ್ನು ನೀರು ತುಂಬಿ ತೊಟ್ಟಿಯಲ್ಲಿ ಬೋರಲು ಹಾಕಿದೆ. ರಬ್ಬರ್ ನಳಿಕೆ ಇಟ್ಟೆ. ಮಗಳನ್ನು ಊದಿಸಿದೆ. ಉಸಿರು ಹೋದಷ್ಟು ನೀರು ಹೊರಗೆ. ಜಾಡಿ ಪೂರ್ತಿ ಬರಿದಾಯಿತು. ವಿಜ್ಞಾನದ ಮೇಷ್ಟ್ರು ನೋಡಿ ನಕ್ಕು, ತಾವೂ ಊದಿದರು. ಅವರ ಪಾಲಿನ ನೀರು ಅರ್ಧಕ್ಕೇ ನಿಂತಿತು. "ಇವಳ ಎದೆಯಲ್ಲಿ ತಿದಿ ಇದೆ ಕಣಮ್ಮ," ಎಂದು ಕೆಮ್ಮುತ್ತ ಹೋದರು.

ಉಸಿರು ಇದೆ. ಹಾಗಾದರೆ ತಪ್ಪು ತುಟಿಯದು. ತುಟಿಗೆ ವ್ಯಾಸಲೀನ್ ಹಚ್ಚಿದೆ. ಅದು ಆಗಲಿಲ್ಲ. ಕೂರುವ ಭಂಗಿ ಬದಲಿಸಿದೆ. ಮೆಟ್ಟಿಲು ಹತ್ತಿಸಿದೆ, ಇಳಿಸಿದೆ. ಊಟದ ಹೊತ್ತು ಬದಲಿಸಿದೆ. ಪ್ರತಿ ಸಲ ಒಂದೇ ಒಂದನ್ನು ಬದಲಿಸಿದೆ, ಕಾಲೇಜಿನಲ್ಲಿ ಕಲಿಸಿದ ಹಾಗೆ. ಎಷ್ಟು ಶಿಸ್ತು! ಮಗುವಿನ ಮೈಯಲ್ಲಿ ಬದಲಿಸಬಹುದಾದ್ದನ್ನೆಲ್ಲ ಬದಲಿಸಿದೆ. ಉಪಕರಣ ಸರಿಯಿದೆಯೇ ಎಂದು ಮೊದಲು ನೋಡಬೇಕು ಎಂಬುದು ಆ ಕಾಲೇಜಿನ ಮೊದಲ ಪಾಠ. ಕಹಳೆ ಶಾಲೆಯದು. ಶಾಲೆಯ ವಸ್ತುವಿನಲ್ಲಿ ತಪ್ಪಿರಬಹುದು ಎಂದು ನನ್ನ ತಲೆಗೆ ಬರಲೇ ಇಲ್ಲ. ತಪ್ಪು ಯಾವಾಗಲೂ ನಮ್ಮ ಮಕ್ಕಳಲ್ಲೇ ಇರುತ್ತದಲ್ಲ.

ತುಟಿ ಒಡೆದು ರಕ್ತ ಬಂತು. ಕಿವಿಯ ಕೆಳಗೆ ಊದಿಕೊಂಡಿತು. ಊಟ ಅಗಿಯುವಾಗ ಅಳುತ್ತಿದ್ದಳು. ಒಂದು ಸಂಜೆ ಬಸ್ಸಿನಲ್ಲಿ ಬಟ್ಟಲನ್ನು ನನ್ನ ಮಡಿಲಿಗೆ ಹಾಕಿದಳು.

"ಸಾಕಮ್ಮ. ನಂಗೆ ಉಸಿರಿಲ್ಲ. ಬಿಟ್ಟುಬಿಡ್ತೀನಿ."

"ಜಾಡಿ ಬರಿದು ಮಾಡಿದೆಯಲ್ಲೇ!"

"ಜಾಡಿ ಊದೋಕೆ ಯಾರೂ ಕೋಟು ಹಾಕ್ಕೊಂಡು ಹೋಗಲ್ಲ."

ಡ್ರೈವರ್ ಸೀಟಿನಲ್ಲಿದ್ದ ಗಂಡ ತಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ನೋಡಿದ. ಆ ಸಲ ಅವನಿಗೆ ತಮಾಷೆ ಹೊಳೆಯಲಿಲ್ಲ.

ಕುಟುಂಬಗಳ ವಾರ್ಷಿಕ ಸಭೆ ಹತ್ತಿರ ಬಂತು. ಬ್ಯಾಂಡು ನುಡಿಸಬೇಕು, ತಾಯ್ತಂದೆಯರು ಅನುಭವ ಹೇಳಬೇಕು. ಸಿಬ್ಬಂದಿಯ ಕಡೆಯಿಂದ ನಾನು. "ನೀವು ಓದಿದವರು, ಚೆನ್ನಾಗಿ ಧನ್ಯವಾದ ಹೇಳ್ತೀರಿ," ಎಂದರು ಅಧ್ಯಕ್ಷೆ. ಒಪ್ಪಿಕೊಂಡೆ. ಧನ್ಯವಾದ ಹೇಳುವುದರಲ್ಲಿ ನನಗೆ ಅನುಭವ ಸಾಕಷ್ಟಿತ್ತು.

ಸಭೆಗೆ ಮುಂಚೆ ಹಿಂದಿನ ಸಾಲಿನ ಕಹಳೆಗಳನ್ನು ತೊಳೆಯಲು ನನ್ನ ಬಳಿ ಕಳಿಸಿದರು. ಬೆಚ್ಚಗಿನ ಸಾಬೂನು ನೀರು, ಉದ್ದನೆಯ ಬ್ರಷ್ಷು. ಮಗಳ ಕಹಳೆಯನ್ನೇ ಮೊದಲು ಎತ್ತಿಕೊಂಡೆ. ಅದರ ಬಾಯಿಗೆ ನೀರು ಸುರಿದೆ. ನೀರು ಆ ಕಡೆ ಧಾರೆಯಾಗಿ ಬರಲಿಲ್ಲ. ಹನಿ ಹನಿಯಾಗಿ ತೊಟ್ಟಿಕ್ಕಿತು. ಒಳಗಿನ ಬಾಗಿದ ಕೊಳವೆಯನ್ನು ಕಳಚಿ ದೀಪಕ್ಕೆ ಹಿಡಿದೆ.

ಕೆಂಪಗಿತ್ತು. ಓರೆಯಾಗಿ ಕತ್ತರಿಸಿತ್ತು. ನಟ್ಟನಡುವೆ ಸೂಜಿಯಷ್ಟು ತೂತು.

ಮಕ್ಕಳ ಕೈಬರಹವನ್ನು ತಾಯಿ ಗುರುತಿಸುತ್ತಾಳಂತೆ. ನಾನು ನನ್ನದನ್ನು ಗುರುತಿಸಿದೆ. ತಂತಿ ಹಾಕಿ ಎಳೆದೆ. ಬರಲಿಲ್ಲ. ತಿರುಗಿಸಿದೆ. ಬರಲಿಲ್ಲ. ಎಂಥ ಕೆಲಸ! ಒಂದು ಕ್ಷಣ, ಕೇವಲ ಒಂದು ಕ್ಷಣ, ನನಗೆ ಹೆಮ್ಮೆಯಾಯಿತು. ಇದನ್ನು ಬರೆಯುವಾಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಉಳಿದ ಕಹಳೆಗಳನ್ನೂ ನೋಡಿದೆ. ಎಲ್ಲದರಲ್ಲೂ ನಾನಿದ್ದೆ.

ಮಾಸ್ತರನ್ನು ವಾದ್ಯಗಳ ಕೋಣೆಯಲ್ಲಿ ಹಿಡಿದೆ. ಅವರು ಡ್ರಮ್ಮಿಗೆ ಬೆಲ್ಟು ಬಿಗಿಯುತ್ತಿದ್ದರು.

"ದೂಳಿಗೆ ಅಂದಿರಿ ಸಾರ್."

ಅವರು ಸುಳ್ಳು ಹೇಳಲಿಲ್ಲ. ದಣಿದವರಂತೆ ಕೂತರು. "ನೋಡಿ ಲ್ಯಾಬಮ್ಮ. ಸಾಲು ತುಂಬಬೇಕು, ಸದ್ದು ತುಂಬಬಾರದು. ಮುಂದಿನವರು ದುಡ್ಡು ಕೊಟ್ಟು ಮನೆಗೆ ಮೇಷ್ಟ್ರನ್ನ ಕರೆಸ್ಕೊಂಡು ಕಲೀತಾರೆ. ನಿಮ್ಮ ಮಕ್ಕಳು ಅಪಸ್ವರ ಊದಿದರೆ ಸ್ಪರ್ಧೆ ಹೋಯ್ತು, ನನ್ನ ಕೆಲಸ ಹೋಯ್ತು."

"ಕಲಿಸಬಹುದಿತ್ತಲ್ಲ?"

"ಯಾವಾಗ? ವಾದ್ಯ ಮನೆಗೆ ಕೊಡೋ ಹಾಗಿಲ್ಲ. ಶಾಲೆ ಬಿಟ್ಟ ಮೇಲೆ ಇರೋ ಹಾಗಿಲ್ಲ. ನಾನೇನು ಮಂತ್ರ ಹಾಕ್ಲಾ?"

"ಅವಳಿಗೆ ಉಸಿರಿಲ್ಲ ಅಂದಿರಿ. ಬಾಯಲ್ಲಿ ರಕ್ತ ಬಂತು."

"ಸುಮ್ಮನೆ ಹಿಡ್ಕೊಂಡು ನಡಿ ಅಂದ್ರೆ ಮಕ್ಕಳಿಗೆ ಬೇಜಾರಾಗುತ್ತೆ ಅಂತ ಹಾಗಂದೆ." ಅವರು ಇದನ್ನು ಕರುಣೆ ಎಂದೇ ತಿಳಿದಿದ್ದರು. ಆಮೇಲೆ ಮೆಲ್ಲಗೆ ಸೇರಿಸಿದರು: "ಮುಂದಿನ ವರ್ಷಕ್ಕೆ ಇನ್ನೊಂದಿಷ್ಟು ಬೇಕಾಗುತ್ತೆ. ನಿಮ್ಮ ಹಾಗೆ ಯಾರೂ ಮಾಡಲ್ಲ."

ಸಂಜೆ ಬಸ್ಸಿನಲ್ಲಿ ಮಗಳ ಪಕ್ಕ ಕೂತೆ. ಕೆಂಪು ರಬ್ಬರಿನ ಒಂದು ಹೊಸ ಬಿರಡೆಯನ್ನು ಅಂಗೈಯಲ್ಲಿಟ್ಟು ಎಲ್ಲ ಹೇಳಿದೆ. ಜಂಬ, ಸಾಬೂನು ನೀರು, ಬೊಬ್ಬೆ, ತಾಯಿ ಎಂದು ಕರೆಸಿಕೊಂಡದ್ದು. ಅವಳು ಬಿರಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅಮ್ಮಾ, ನೀನು ನಿಜವಾಗ್ಲೂ ಫಸ್ಟ್ ಕ್ಲಾಸಾ?"

ಮುಂದಿನ ಸೀಟಿನಿಂದ ಗಂಡ ಹೋ ಎಂದು ನಕ್ಕ. ಅವಳೂ ನಕ್ಕಳು. ನಗುತ್ತಲೇ ಅವಳ ಮುಖ ಗಂಟಾಯಿತು. ಬಿರಡೆಯನ್ನು ಕಿಟಕಿಗೆ ಎಸೆದಳು. ಕಿಟಕಿ ಮುಚ್ಚಿತ್ತು. ಅದು ಪುಟಿದು ವಾಪಸು ನನ್ನ ಮೇಲೇ ಬಿತ್ತು.

"ಅಂದ್ರೆ ನಂಗೆ ಉಸಿರಿದೆ," ಎಂದಳು.

"ಇದೆ."

"ಎಲ್ಲರ ಮುಂದೆ ಹೇಳು."

"ಹೇಳಿದರೆ ನಂಬಲ್ಲ ಮಗಳೇ."

"ಹಾಗಾದ್ರೆ ತೋರಿಸು."

ರಾತ್ರಿಯೆಲ್ಲ ಯೋಚಿಸಬೇಕಾದ ಮಾತು ಇದು. ಕೆಲಸ, ಸೀಟು, ಗುತ್ತಿಗೆ. ನಾನು ಯೋಚಿಸದೆ ನಿದ್ದೆ ಮಾಡಿದೆ. ಹೆದರಿಕೆಯನ್ನೂ ಸರಿಯಾಗಿ ಪಡಲು ಬರದವಳು.

ಸಭೆಯ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನ ತಾಯ್ತಂದೆಯರು ಮುಂದಿನ ಸಾಲಿನಲ್ಲೇ. ಹಿಂದಿನ ಸಾಲಿನವರು ಗೋಡೆಗೆ ಒರಗಿ ನಿಂತಿದ್ದರು. ಅಧ್ಯಕ್ಷೆ ಮೈಕಿನಲ್ಲಿ "ನಮ್ಮ ಲ್ಯಾಬಮ್ಮ" ಎಂದರು. ಚಪ್ಪಾಳೆ ಬಿತ್ತು.

"ನನಗೆ ಮಾತು ಬರಲ್ಲ. ಪ್ರಯೋಗ ಬರುತ್ತೆ," ಎಂದೆ. "ಮಗು ಅದೇ. ಕಹಳೆ ಅದೇ. ಒಂದೇ ಒಂದು ಬದಲಾಗುತ್ತೆ. ನೋಡಿ."

ಮಗಳು ಕೋಟು ಹಾಕಿಕೊಂಡು ಮುಂದೆ ಬಂದಳು. ಊದಿದಳು. ಮೈಕಿನಲ್ಲಿ ಹುಸ್ ಎಂಬ ಸದ್ದು ಸಭಾಂಗಣವಿಡೀ ಹರಡಿತು. ಯಾರೋ ಕಿಸಕ್ಕೆಂದರು.

ಕಹಳೆಯ ಕೊಳವೆ ಕಳಚಿದೆ. ತಂತಿ ಕೊಂಡಿಯನ್ನು ತೂತಿಗೆ ಹಾಕಿ ಎಳೆದೆ. ಬರಲಿಲ್ಲ. ಮತ್ತೆ ಎಳೆದೆ. ಮೊಣಕಾಲ ನಡುವೆ ಇಟ್ಟು ಎಳೆದೆ. ಸೆರಗು ಜಾರಿತು, ಬೆವರು ಕಣ್ಣಿಗಿಳಿಯಿತು. ಇಡೀ ಸಭೆ ಎದುರು ಕೂತಿದೆ, ನನ್ನ ಕ್ರಾಂತಿ ನನ್ನ ಕೈಚಳಕಕ್ಕೇ ಸಿಕ್ಕಿಕೊಂಡಿದೆ. ಮನೆಯಲ್ಲಿ ಒಮ್ಮೆ ತೆಗೆದು ನೋಡಿಕೊಂಡು ಬರಬಾರದಿತ್ತೇ? ಆದರೆ ವಾದ್ಯ ಮನೆಗೆ ಕೊಡುವುದಿಲ್ಲವಲ್ಲ.

ಇದಕ್ಕೆ ಇಬ್ಬರು ಬೇಕು. ಒಬ್ಬರು ಹಿಡಿಯಬೇಕು, ಒಬ್ಬರು ಎಳೆಯಬೇಕು. ಸುತ್ತ ನೋಡಿದೆ. ಹತ್ತಿರವಿದ್ದವರು ಬ್ಯಾಂಡ್ ಮಾಸ್ತರು.

"ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ ಸಾರ್," ಎಂದೆ.

ಜನರೆದುರು ಒಬ್ಬ ಹೆಂಗಸು ಏನಾದರೂ ಚಾಚಿದರೆ ಕೈ ತಾನಾಗಿ ಮುಂದೆ ಬರುತ್ತದೆ. ಅವರು ಹಿಡಿದರು. ನಾನು ಎಳೆದೆ. ಟಪ್ ಎಂದಿತು. ನಾನು ಹಿಂದಕ್ಕೆ ಕುಕ್ಕರಿಸಿ ಬಿದ್ದೆ. ಬಿರಡೆ ಕೈಯಲ್ಲಿತ್ತು.

ಮಗಳು ಕೊಳವೆ ಜೋಡಿಸಿಕೊಂಡು ಊದಿದಳು.

ಮಧುರವಾಗಿತ್ತು ಎಂದು ಬರೆಯಲು ಆಸೆ. ಕೊಟ್ಟಿಗೆಯಲ್ಲಿ ಎಮ್ಮೆಯ ಬಾಲ ತುಳಿದಂತಿತ್ತು. ಜನ ಗೊಳ್ಳೆಂದರು. ಅವಳು ನಿಲ್ಲಿಸಲಿಲ್ಲ. ಮತ್ತೆ ಊದಿದಳು, ಒಡೆಯಿತು. ಮತ್ತೆ ಊದಿದಳು. ಈ ಸಲ ದನಿ ನೆಲದಿಂದ ಎದ್ದು ನೆಟ್ಟಗೆ ನಿಂತಿತು. ಜಾಡಿ ಬರಿದು ಮಾಡಿದ ಉಸಿರು ಅದು. ಮುಗಿಯಲೇ ಇಲ್ಲ. ನಗು ಒಂದೊಂದಾಗಿ ಆರಿತು. ಕಿಟಕಿಯ ಗಾಜು ಸಣ್ಣಗೆ ನಡುಗಿತು. ಗೋಡೆಗೆ ಒರಗಿದ್ದ ಗಂಡ ನೆಟ್ಟಗಾದ.

ಬಿರಡೆಯನ್ನು ಎತ್ತಿ ತೋರಿಸಿದೆ. "ಇದು ಇವಳ ಕಹಳೆಯೊಳಗಿತ್ತು. ಹಿಂದಿನ ಸಾಲಿನ ಎಲ್ಲ ಮಕ್ಕಳ ಕಹಳೆಯಲ್ಲೂ ಇದೆ. ಮಾಡಿದ ಕೈ ನನ್ನದು. ಮಾಡಿಸಿದ್ದು ಶಾಲೆ. ಇವರಿಗೆ ಉಸಿರಿಲ್ಲ ಅಂದರು. ಉಸಿರಿದೆ. ಬಿರಡೆಯೂ ಇದೆ."

ತೋಟದವನ ಮಗ ತನ್ನ ಕಹಳೆ ಹಿಡಿದುಕೊಂಡು ಬಂದು ನನ್ನೆದುರು ನಿಂತ. ಅವನ ಹಿಂದೆ ಅಡುಗೆಯವಳ ಮಗಳು. ಅವಳ ಹಿಂದೆ ಅವಳಿಗಳು. ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತಂತೆ. ಮಾಸ್ತರ ಕೈ ಇನ್ನೂ ಚಾಚಿಯೇ ಇತ್ತು. ಅವರು ಹಿಡಿದರು, ನಾನು ಎಳೆದೆ. ಟಪ್. ಟಪ್. ಈಗ ಬೆಂಕಿ ಹತ್ತುತ್ತದೆ ಎಂದುಕೊಂಡೆ.

ಅಧ್ಯಕ್ಷೆ ಮೈಕು ತೆಗೆದುಕೊಂಡರು. ಮುಖದಲ್ಲಿ ನಗು ಮಾಸಿರಲಿಲ್ಲ.

"ನೋಡಿದಿರಾ? ಇದು ಉಸಿರು ಬಲಪಡಿಸೋ ಸಾಧನ. ನಮ್ಮ ಲ್ಯಾಬಮ್ಮನೇ ತಯಾರಿಸಿದ್ದು. ಇಷ್ಟು ತಿಂಗಳು ತಡೆಯ ವಿರುದ್ಧ ಊದಿ ಊದಿ ಈ ಮಕ್ಕಳು ಎಂಥ ಶಕ್ತಿ ಬೆಳೆಸ್ಕೊಂಡಿದಾರೆ, ನೀವೇ ಕೇಳಿದಿರಿ. ಶಾಲೆ ಮತ್ತೆ ಕುಟುಂಬ ಕೈ ಜೋಡಿಸಿದರೆ ಯಶಸ್ಸು ಅಂದ್ರೆ ಇದೇ."

ಚಪ್ಪಾಳೆ. ದೊಡ್ಡ ಚಪ್ಪಾಳೆ. ಮುಂದಿನ ಸಾಲಿನಿಂದ ಒಬ್ಬ ತಂದೆ ಎದ್ದು ನಿಂತ. "ಹಾಗಾದ್ರೆ ನಮ್ಮ ಹುಡುಗನಿಗೆ ಯಾಕೆ ಕೊಟ್ಟಿಲ್ಲ? ನಾವು ಫೀಸು ಕಟ್ಟಲ್ವಾ?"

ನನ್ನ ಕೈಗೆ ಹೂಗುಚ್ಛ ಬಂತು. ನಾನು ಏನು ಮಾಡಿದೆ? "ಥ್ಯಾಂಕ್ಸ್ ಮೇಡಂ" ಎಂದೆ. ಬಾಯಿಗೆ ರೂಢಿಯಾಗಿತ್ತು. ನಾನು ಹೊತ್ತಿಸಿದ ಬೆಂಕಿಯಲ್ಲಿ ಅವರು ಚಹಾ ಕಾಯಿಸಿಕೊಂಡರು, ಒಂದು ಲೋಟ ನನಗೂ ಕೊಟ್ಟರು.

ಈಗ ಬ್ಯಾಂಡು ನುಡಿಸಬೇಕಿತ್ತು. ಮಾಸ್ತರು ನನ್ನ ಕಿವಿಯ ಬಳಿ ಬಂದರು. "ಬೇಗ ಬಿರಡೆ ಹಾಕ್ಬಿಡಿ."

"ಹಾಕಲ್ಲ."

"ಏನಂದ್ರಿ?"

"ಹಾಕಲ್ಲ ಸಾರ್."

"ಸೀಟು, ಕೆಲಸ ಎರಡೂ ಹೋಗುತ್ತೆ. ತಮಾಷೆ ಅಲ್ಲ."

"ಗೊತ್ತು. ಹಾಕಲ್ಲ."

ಅಧ್ಯಕ್ಷೆ ನಗುತ್ತಲೇ ಹಲ್ಲು ಕಚ್ಚಿದರು. "ಮಕ್ಕಳೇ, ನೀವು ಸುಮ್ಮನೆ ಹಿಡ್ಕೊಂಡು ನಡೀರಿ. ಊದಬೇಡಿ. ಕೆನ್ನೆ ಮಾತ್ರ."

ಮಗಳು ಹೇಳಿದಳು: "ಕೆನ್ನೆ ಸಾಕಾಗಿದೆ ಆಂಟಿ. ಊದ್ತೀವಿ."

ಊದಿದರು. ಸತ್ಯ ಹೇಳಬೇಕು, ಬಹಳ ಕೆಟ್ಟದಾಗಿತ್ತು. ತಮ್ಮ ದನಿಯನ್ನು ಎಂದೂ ಕೇಳದ ಮಕ್ಕಳು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಎಲ್ಲ ಕಡೆ ಚೆಲ್ಲಿದರು. ಮುಂದಿನ ಸಾಲು ತಾಳ ತಪ್ಪಿತು. ಡ್ರಮ್ಮಿನವನು ತಿರುಗಿ ನೋಡಿ ಕಂಬಕ್ಕೆ ಡಿಕ್ಕಿ ಹೊಡೆದ. ನನ್ನ ಮಗಳು ಸರಿಯಾಗಿ ಊದಲಿಲ್ಲ. ಜೋರಾಗಿ ಊದಿದಳು. ಅಡುಗೆಯವಳು ಗೋಡೆಯ ಬಳಿ ನಿಂತು, ಯಾವ ಸಮಿತಿಯೂ ಹೇಳಿಕೊಡದ ರೀತಿಯಲ್ಲಿ, ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು. ನನ್ನ ಏಪ್ರನ್ ಜೇಬಿನಲ್ಲಿ ಬಿರಡೆಗಳಿದ್ದವು. ಅವನ್ನು ಕೈಯಲ್ಲಿ ಹಿಡಿದು ನಿಂತಿದ್ದೆ, ಮತ್ತೆ ಹಾರಿ ಒಳಗೆ ಹೋಗಿಬಿಡುತ್ತವೋ ಎಂಬಂತೆ.

ಮರುದಿನ ನನ್ನನ್ನು ತೆಗೆದರು. ಸಾಧನವನ್ನು ಪರವಾನಗಿ ಇಲ್ಲದೆ ಸಾರ್ವಜನಿಕವಾಗಿ ಕಳಚಿದ್ದಕ್ಕೆ. ಮಗಳ ಸೀಟು ನನ್ನ ಜೊತೆಗೇ ಹೋಯಿತು. ಬಿರಡೆಗಳನ್ನು ವಾಪಸು ಕೇಳಿದರು, ಶಾಲೆಯ ರಬ್ಬರಂತೆ. ಗಂಡನ ಬಸ್ಸು ಮಾತ್ರ ಉಳಿಯಿತು. ಆ ದಾರಿಯಲ್ಲಿ ಬೇರೆ ಡ್ರೈವರ್ ಸಿಗಲಿಲ್ಲ.

ನನ್ನ ಜಾಗಕ್ಕೆ ಬಂದವಳು ಎಳೆಯ ಹೆಂಗಸು, ಬಾಯಲ್ಲಿ ಬೆರಳಿಟ್ಟರೆ ಕಚ್ಚದಂಥ ಮುಖ. ಬೀಗದ ಕೈ ಕೊಡಲು ಹೋದಾಗ ಮಾಸ್ತರು ಆಗಲೇ ಅವಳಿಗೆ ಹೊಸ ಬಿರಡೆಗಳ ಕೆಲಸ ಹೇಳಿದ್ದರು. ಸಿಬ್ಬಂದಿಯ ಇನ್ನೊಂದಿಷ್ಟು ಮಕ್ಕಳು ಸೇರುವವರಿದ್ದರು, ಅವಳ ತಂಗಿಯೂ.

"ಹೇಗೆ ಕತ್ತರಿಸೋದು ಅಕ್ಕ?"

ಹೊರಟು ಬರಬೇಕಿತ್ತು. ಬರಲಿಲ್ಲ. ಕೆಲಸ ಕೆಟ್ಟದ್ದಾದರೂ ಕೆಟ್ಟದಾಗಿ ಮಾಡುವುದನ್ನು ನೋಡಲಾರದ ಜಾತಿ ನನ್ನದು. ಬೋರರ್ ಹಿಡಿಯುವುದನ್ನು ತೋರಿಸಿದೆ. ಸಾಬೂನು ನೀರು ತೋರಿಸಿದೆ. ಅವಳು ಕಣ್ಣು ಮಿಟುಕಿಸದೆ ನೋಡಿದಳು.

"ತಪ್ಪು ಎಲ್ಲೆಲ್ಲಿ ಆಗುತ್ತೆ ಅಂತ ಹೇಳಿಕೊಡಿ ಅಕ್ಕ. ನೋಡ್ಕೋತೀನಿ."

ಎಲ್ಲ ಹೇಳಿದೆ. ನೀರು ಹಚ್ಚದಿದ್ದರೆ ತೂತು ಅಗಲವಾಗುತ್ತದೆ. ಓರೆ ತಪ್ಪಿದರೆ ಹಿಡಿತ ಬರುವುದಿಲ್ಲ. ರಬ್ಬರನ್ನು ಬಿಸಿಯಿದ್ದಾಗ ಕತ್ತರಿಸಿದರೆ ಆಮೇಲೆ ಕುಗ್ಗಿ ಸಡಿಲವಾಗುತ್ತದೆ. ಅವಳು ಒಂದೊಂದಕ್ಕೂ ಹ್ಞೂಂ ಎಂದಳು. ಎರಡು ಸಲ ಹೇಳಿಸಿಕೊಂಡಳು. ಮಂದ ಬುದ್ಧಿ, ಪಾಪ, ಎಂದುಕೊಂಡು ಬಂದೆ.

ಈಗ ಮಗಳು ಹೋಗುವ ಶಾಲೆಯಲ್ಲಿ ಬ್ಯಾಂಡು ಇಲ್ಲ, ಗಂಟೆಯೂ ಒಡೆದಿದೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಅವಳು ಬರೀ ತುಟಿಯಲ್ಲೇ ಊದುತ್ತಾಳೆ. ಲೋಹದ ಬಟ್ಟಲನ್ನೂ ಅವರು ವಾಪಸು ತೆಗೆದುಕೊಂಡರು. ನಾನು ಔಷಧದಂಗಡಿಯೊಂದರಲ್ಲಿ ಬಾಟಲಿ ತೊಳೆಯುತ್ತೇನೆ.

ಮೊನ್ನೆ ಸಂಜೆ ಇಬ್ಬರೂ ಹಳೆಯ ಶಾಲೆಯ ಕಾಂಪೌಂಡಿನ ಪಕ್ಕ ನಡೆದು ಬರುತ್ತಿದ್ದೆವು. ಒಳಗೆ ಬ್ಯಾಂಡಿನ ಅಭ್ಯಾಸ ನಡೆದಿತ್ತು. ನಾನು ಹೆಜ್ಜೆ ಬೇಗ ಹಾಕಿದೆ. ಮಗಳು ನಿಂತಳು. ನನ್ನ ಮೊಣಕೈ ಹಿಡಿದಳು.

"ಅಮ್ಮಾ, ಕೇಳು. ಹಿಂದಿನ ಸಾಲು."

ಕೇಳಿದೆ. ಮುಂದಿನವರ ಹೊಳೆಯುವ ದನಿಯ ಅಡಿಯಲ್ಲಿ ಇನ್ನೊಂದು ಇತ್ತು. ಸಣ್ಣದು, ದಪ್ಪನೆಯದು, ನೆಲದ ಹತ್ತಿರದ್ದು. ಯಾರದೆಂದು ಹಿಡಿಯಲಾಗದಷ್ಟು ಸ್ವಲ್ಪ. ತಪ್ಪದೆ ತಾಳ ಹಿಡಿದು ನಡೆಯುತ್ತಿತ್ತು. ಕಲಿಯುತ್ತಿತ್ತು.

ಮಾಸ್ತರು ಕೂಗಿದ್ದು ಗೋಡೆಯಾಚೆಗೂ ಕೇಳಿಸಿತು. "ಈ ಹೊಸ ಬಿರಡೆ ಯಾಕೋ ಸರಿಯಾಗಿ ಕೂರ್ತಾನೇ ಇಲ್ಲ!"

"ಎಷ್ಟು ಮಾಡಿದ್ರೂ ಕೈ ಕೂರ್ತಿಲ್ಲ ಸಾರ್," ಎಂದಿತು ನನ್ನ ಜಾಗಕ್ಕೆ ಬಂದವಳ ಆ ಪಾಪದ ದನಿ. "ಮತ್ತೆ ಮಾಡ್ತೀನಿ ಸಾರ್."

ಮಗಳು ನನ್ನ ಮುಖ ನೋಡಿದಳು. ನಗು ತಡೆಯಲು ಕೆನ್ನೆ ಉಬ್ಬಿಸಿಕೊಂಡಿದ್ದಳು. ನಾನು ಗೋಡೆಗೆ ಒರಗಿ ನಿಂತೆ. ಇಷ್ಟು ಓದಿ, ಇಷ್ಟು ತೊಳೆದು, ಇಷ್ಟು ಅಳೆದು, ಕೆಲಸವನ್ನು ಬೇಕೆಂದೇ ಕೆಟ್ಟದಾಗಿ ಮಾಡಬಹುದು ಎಂಬುದೊಂದು ಮಾತ್ರ ನನಗೆ ಹೊಳೆದೇ ಇರಲಿಲ್ಲ.

ಮೊದಲ ದರ್ಜೆ ನೋಡಿ.